ಕಂಪ್ಯೂಟರಿನ ಆಕಾಶ ಮತ್ತು ನಿಜವಾದ ಆಕಾಶ

ನಿಮ್ಮ ಮನೆಯಲ್ಲಿ ಹದಿಮೂರು ಹದಿನಾಲ್ಕು ವಯಸ್ಸಿನ ಮಕ್ಕಳಿದ್ದಾರೆಯೇ? ಅವರ ಕೈಗೆ ಸಿಗುವಂತೆ ಒಂದು ಕಂಪ್ಯೂಟರ್ ಇದೆಯೇ? ಹಾಗಿದ್ದರೆ ಈ ಲೇಖನವನ್ನು ದಯವಿಟ್ಟು ಕೊನೆಯವರೆಗೆ ಓದಿ.

ಕಾಪುವಿನ ಕಡಲ ಬದಿಯ ಒಂದು ಮನೆ. ಬೆಳಿಗ್ಗೆ ನಮ್ಮ ಮದ್ರಸಕ್ಕೆ ಬರುವ ಹುಡುಗನೊಬ್ಬನ ತಾಯಿ ಒಂದು ಸಂಜೆ ನನ್ನನ್ನು ಕರೆಸಿ ದೂರು ಹೇಳಿದರು. “ಉಸ್ತಾದ್, ನೀವಾದರೂ ಇವನಿಗೆ ನಾಲ್ಕು ಮಾತು ಹೇಳಿ. ಶಾಲೆಯಿಂದ ಬಂದ ಕೂಡಲೇ ಕಂಪ್ಯೂಟರಿನ ಮುಂದೆ ಕೂರುತ್ತಾನೆ. ಇಡೀ ಹೊತ್ತು ವಿಮಾನವೇ ವಿಮಾನ. ಮಗ್ರಿಬ್‌ನ ಬಾಂಗ್ ಕೂಡ ಅವನ ಕಿವಿಗೆ ಬೀಳುವುದಿಲ್ಲ.”

ಒಳಗೆ ಹೋಗಿ ಹುಡುಗನ ಪಕ್ಕದಲ್ಲಿ ಕುಳಿತೆ. ಬೈಗುಳ ಬೀಳಬಹುದೆಂದು ಮೊದಲು ಮುದುಡಿಕೊಂಡಿದ್ದವನು, “ಏನಿದು, ನನಗೂ ತೋರಿಸು” ಎಂದಾಗ ಅರಳಿದ. ಪರದೆಯ ಮೇಲೆ ಅರಬ್ಬೀ ಸಮುದ್ರ, ಕಡಲ ದಂಡೆ, ತೆಂಗಿನ ತೋಟಗಳ ಹಸಿರು. ಅವನು ವಿಮಾನವನ್ನು ತಿರುಗಿಸಿ, ತಗ್ಗಿಸಿ, ಗುಡ್ಡದ ಮೇಲಿನ ಒಂದು ರನ್‌ವೇಯಲ್ಲಿ ಮೆತ್ತಗೆ ಇಳಿಸಿದ. “ಇದು ನಮ್ಮ ಬಜ್ಪೆ ಉಸ್ತಾದ್” ಎಂದ. ಆಮೇಲೆ ನನ್ನತ್ತ ತಿರುಗದೆಯೇ ಕೇಳಿದ: “ನಾನು ಇಲ್ಲಿ ನೂರು ಸಲ ಇಳಿಸಿದ್ದೇನೆ. ಹಾಗಾದರೆ ಅವರಿಗೆ ಯಾಕೆ ಆಗಲಿಲ್ಲ?”

‘ಅವರು’ ಯಾರೆಂದು ಆ ಮನೆಯಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ. 2010ರ ಮೇ 22ರಂದು ದುಬೈಯಿಂದ ಬಂದ ವಿಮಾನದಲ್ಲಿ ಈ ಹುಡುಗನ ತಂದೆಯ ತಮ್ಮ ಇದ್ದರು. ಆಗ ಹುಡುಗ ಹುಟ್ಟಿರಲಿಲ್ಲ. ಆದರೆ ಪಕ್ಕದ ಕೋಣೆಯ ಮಂಚದ ಮೇಲೆ ಕುಳಿತು ತಸ್ಬೀಹ್ ಎಣಿಸುತ್ತಿದ್ದ ಅಜ್ಜಿಗೆ ಆ ಪ್ರಶ್ನೆ ಕೇಳಿಸಿತ್ತು. ಅವರ ಬೆರಳು ನಿಂತದ್ದನ್ನು ನಾನು ಕಂಡೆ.

ಅಂದು ನನ್ನಲ್ಲಿ ಉತ್ತರವಿರಲಿಲ್ಲ. ಮದ್ರಸದಲ್ಲಿ ಕಲಿತು ಬಿ.ಎ. ಮಾಡಿದವನು ನಾನು, ವಿಮಾನದ ವಿದ್ಯೆ ನನ್ನದಲ್ಲ. ಆದರೆ ಮಗುವೊಂದು ಇಂಥ ಪ್ರಶ್ನೆ ಕೇಳಿದಾಗ “ಸುಮ್ಮನಿರು” ಎಂದು ಬಾಯಿ ಮುಚ್ಚಿಸುವುದು ಶಿಕ್ಷಕನಿಗೆ ಶೋಭೆಯಲ್ಲ. ಓದಿದೆ, ತಿಳಿದವರಲ್ಲಿ ಕೇಳಿದೆ. ನನಗೆ ತಿಳಿದದ್ದನ್ನು ನಿಮ್ಮ ಮುಂದೆಯೂ ಇಡುತ್ತಿದ್ದೇನೆ.

ಇದು ಬರೇ ಆಟವೇ?

ವಿಮಾನ ಹಾರಿಸಿದ ಅನುಭವವನ್ನು ನೆಲದ ಮೇಲೆಯೇ ಕೊಡುವ ಯಂತ್ರಕ್ಕೆ ಸಿಮ್ಯುಲೇಟರ್ ಎನ್ನುತ್ತಾರೆ. ಇದು ಮಕ್ಕಳ ಆಟಕ್ಕಾಗಿ ಹುಟ್ಟಿದ್ದಲ್ಲ. ಅಮೆರಿಕದ ಎಡ್ವಿನ್ ಲಿಂಕ್ ಎಂಬವರ ತಂದೆಗೆ ಪಿಯಾನೊ, ಆರ್ಗನ್ ವಾದ್ಯಗಳನ್ನು ತಯಾರಿಸುವ ಕಾರ್ಖಾನೆಯಿತ್ತು. ವಾದ್ಯಕ್ಕೆ ಗಾಳಿ ಊದುವ ತಿದಿಗಳನ್ನೇ ಬಳಸಿ, ನಿಂತಲ್ಲೇ ಓಲಾಡುವ, ತಿರುಗುವ ಒಂದು ಪುಟ್ಟ ವಿಮಾನವನ್ನು ಲಿಂಕ್ 1929ರ ಹೊತ್ತಿಗೆ ತಯಾರಿಸಿದರು. ಮೊದಲಿಗೆ ಜನ ಅದನ್ನು ಜಾತ್ರೆಯ ಆಟಿಕೆಯೆಂದೇ ಬಗೆದರು. 1934ರಲ್ಲಿ ಅಮೆರಿಕದ ಸೇನೆಗೆ ಅಂಚೆ ಸಾಗಿಸುವ ಹೊಣೆ ಬಂತು. ಮಂಜು, ಮೋಡ, ಕತ್ತಲೆಯಲ್ಲಿ ಹಾರಿ ಅಭ್ಯಾಸವಿಲ್ಲದ ಪೈಲಟ್‌ಗಳು ಕೆಲವೇ ವಾರಗಳಲ್ಲಿ ಹತ್ತಕ್ಕೂ ಹೆಚ್ಚು ಮಂದಿ ಸತ್ತರು. ಆಗ ಸೇನೆ ಲಿಂಕ್ ಅವರ ಆರು ಯಂತ್ರಗಳನ್ನು ಖರೀದಿಸಿತು. ಎರಡನೇ ಮಹಾಯುದ್ಧದಲ್ಲಿ ಲಕ್ಷಾಂತರ ವೈಮಾನಿಕರು ಅದರ ಮೇಲೆಯೇ ಕಲಿತರು.

ಇಂದು ಪ್ರಯಾಣಿಕ ವಿಮಾನದ ಪೈಲಟ್‌ಗಳು ವರ್ಷಕ್ಕೆ ಎರಡು ಸಲವಾದರೂ ಸಿಮ್ಯುಲೇಟರಿನಲ್ಲಿ ಪರೀಕ್ಷೆಗೆ ಕೂರುತ್ತಾರೆ. ಇಂಜಿನ್‌ಗೆ ಬೆಂಕಿ ಹತ್ತಿದರೆ ಏನು ಮಾಡಬೇಕು, ಚಕ್ರ ಬಿಚ್ಚಿಕೊಳ್ಳದಿದ್ದರೆ ಏನು ಮಾಡಬೇಕು ಎಂಬುದನ್ನು ನಿಜ ವಿಮಾನದಲ್ಲಿ ಮಾಡಿ ನೋಡಲಾದೀತೇ? ನಮ್ಮ ಮಣಿಪಾಲದ ವೈದ್ಯಕೀಯ ವಿದ್ಯಾರ್ಥಿಗಳೂ ಹೀಗೆಯೇ. ರೋಗಿಯ ಮೈಗೆ ಕೈ ಹಚ್ಚುವ ಮೊದಲು ಗೊಂಬೆಗಳ ಮೇಲೆ ಅಭ್ಯಾಸ ಮಾಡುತ್ತಾರೆ. ಗೊಂಬೆಯ ಮೇಲೆ ಮಾಡಿದ ತಪ್ಪಿನಿಂದ ಯಾರ ಜೀವವೂ ಹೋಗುವುದಿಲ್ಲ.

ಮನೆಯ ಕಂಪ್ಯೂಟರಿಗೆ ಈ ವಿದ್ಯೆ ಇಳಿದದ್ದು 1980ರ ಸುಮಾರಿಗೆ. ಮೈಕ್ರೋಸಾಫ್ಟ್ ಕಂಪೆನಿ 1982ರಲ್ಲಿ ತನ್ನ ಮೊದಲ ‘ಫ್ಲೈಟ್ ಸಿಮ್ಯುಲೇಟರ್’ ಹೊರತಂದಾಗ ಅದರಲ್ಲಿ ಗೆರೆಗಳೇ ಬೆಟ್ಟ, ಗೆರೆಗಳೇ ರನ್‌ವೇ. 2020ರಲ್ಲಿ ಬಂದ ಆವೃತ್ತಿಯಲ್ಲಿ ಉಪಗ್ರಹ ಚಿತ್ರಗಳ ನೆರವಿನಿಂದ ಇಡೀ ಭೂಮಿಯೇ ಇದೆ. ನಮ್ಮ ಉಡುಪಿಯೂ ಇದೆ. ‘ಫ್ಲೈಟ್‌ಗಿಯರ್’ನಂತಹ ತಂತ್ರಾಂಶ ಪೂರ್ತಿ ಉಚಿತ. ಆದ್ದರಿಂದ ತಾಯಂದಿರೇ, ನಿಮ್ಮ ಮಗ ಇದರ ಮುಂದೆ ಕುಳಿತರೆ ಅದನ್ನು ಗುಂಡು ಹಾರಿಸಿ ಜನರನ್ನು ಕೊಲ್ಲುವ ಆಟಗಳ ಸಾಲಿಗೆ ಸೇರಿಸಬೇಡಿ. ಗಾಳಿಯ ದಿಕ್ಕು, ಎತ್ತರ, ವೇಗ, ನಕ್ಷೆ, ಇಂಧನದ ಲೆಕ್ಕ, ಇವೆಲ್ಲ ಅದರಲ್ಲಿವೆ. ಭೂಗೋಳವೂ ಗಣಿತವೂ ಕಲಿಯುವ ಮಾರ್ಗ ಅದು.

ನೂರು ಸಲ ಇಳಿಸಿದವನಿಗೆ ಉತ್ತರ

ಹಾಗಾದರೆ ಹುಡುಗನ ಪ್ರಶ್ನೆಗೆ ಉತ್ತರವೇನು? ಹೊರದೇಶದ ಒಂದು ಘಟನೆಯಿಂದ ಆರಂಭಿಸುತ್ತೇನೆ.

2009ರ ಜನವರಿ 15ರಂದು ನ್ಯೂಯಾರ್ಕ್‌ನಲ್ಲಿ ಮೇಲೇರುತ್ತಿದ್ದ ವಿಮಾನಕ್ಕೆ ಹಕ್ಕಿಗಳ ಹಿಂಡು ಬಡಿದು ಎರಡೂ ಇಂಜಿನ್‌ಗಳು ಶಕ್ತಿ ಕಳೆದುಕೊಂಡವು. ಕ್ಯಾಪ್ಟನ್ ಸಲೆನ್‌ಬರ್ಗರ್ ಅದನ್ನು ಹಡ್ಸನ್ ನದಿಯ ನೀರಿನ ಮೇಲೆ ಇಳಿಸಿದರು. 155 ಜನರೂ ಉಳಿದರು. ಆಮೇಲೆ ತನಿಖೆ ನಡೆಯಿತು. ಸಿಮ್ಯುಲೇಟರಿನಲ್ಲಿ ಅದೇ ಸ್ಥಿತಿಯನ್ನು ಮರುಸೃಷ್ಟಿಸಿದಾಗ ಹಲವು ಪೈಲಟ್‌ಗಳು ವಿಮಾನವನ್ನು ನಿಲ್ದಾಣಕ್ಕೇ ಮರಳಿ ತಂದರು. “ಹಾಗಾದರೆ ನದಿಗೆ ಇಳಿಸಿದ್ದು ತಪ್ಪೇ?” ಎಂಬ ಪ್ರಶ್ನೆ ಎದ್ದಿತು. ಆದರೆ ಅವರಿಗೆ ಏನಾಗಲಿದೆ ಎಂಬುದು ಮೊದಲೇ ತಿಳಿದಿತ್ತು. ಹಕ್ಕಿ ಬಡಿದ ಕ್ಷಣದಲ್ಲೇ ತಿರುಗಿಸಿದ್ದರು. ನಿಜ ಜೀವನದಲ್ಲಿ ಮನುಷ್ಯ ಬೆಚ್ಚುತ್ತಾನೆ, ಏನಾಯಿತೆಂದು ನೋಡುತ್ತಾನೆ, ಯೋಚಿಸುತ್ತಾನೆ. ಅದಕ್ಕೆಂದು 35 ಸೆಕೆಂಡುಗಳನ್ನು ಸೇರಿಸಿ ಮತ್ತೆ ನೋಡಿದಾಗ ವಿಮಾನ ನಿಲ್ದಾಣ ತಲುಪಲಿಲ್ಲ.

ಪರದೆಗೂ ಆಕಾಶಕ್ಕೂ ಇರುವ ಅಂತರವನ್ನು ಆ 35 ಸೆಕೆಂಡುಗಳಲ್ಲಿಯೇ ಕಾಣಬಹುದು.

ಈಗ ನಮ್ಮ ಬಜ್ಪೆಗೆ ಬರೋಣ. 1951ರಲ್ಲಿ ಆರಂಭವಾದ ಈ ನಿಲ್ದಾಣ ಗುಡ್ಡದ ತಲೆಯ ಮೇಲಿದೆ. 2006ರಲ್ಲಿ ಬಳಕೆಗೆ ಬಂದ ಹೊಸ ರನ್‌ವೇಯ ಉದ್ದ 2,450 ಮೀಟರ್. ಅದರ ತುದಿಯಾಚೆ ಕಮರಿ. 2010ರ ಆ ಶನಿವಾರ ಬೆಳಿಗ್ಗೆ ಆರರ ಸುಮಾರಿಗೆ ಏರ್ ಇಂಡಿಯಾ ಎಕ್ಸ್‌ಪ್ರೆಸ್‌ನ 812 ಸಂಖ್ಯೆಯ ವಿಮಾನ ಇರಬೇಕಾದುದಕ್ಕಿಂತ ತೀರಾ ಎತ್ತರದಲ್ಲಿ ರನ್‌ವೇಯತ್ತ ಬಂತು. ರನ್‌ವೇಯ 1,500 ಮೀಟರಿಗೂ ಹೆಚ್ಚು ಭಾಗ ದಾಟಿದ ಮೇಲೆ ಅದರ ಚಕ್ರ ನೆಲ ಮುಟ್ಟಿತು. ಕೊನೆಗೆ ಅದು ಕೆಂಜಾರಿನ ಕಮರಿಗೆ ಉರುಳಿತು. ಒಳಗಿದ್ದ 166 ಮಂದಿಯಲ್ಲಿ 158 ಮಂದಿ ತೀರಿಹೋದರು. ಬದುಕಿದವರು 8 ಮಂದಿ. ಊರಿಗೆ ಮದುವೆಗೆಂದು, ಮಯ್ಯತ್ತಿಗೆಂದು, ರಜೆಗೆಂದು ಬರುತ್ತಿದ್ದ ನಮ್ಮ ಕರಾವಳಿಯ, ಕಾಸರಗೋಡಿನ ಎಷ್ಟು ಕುಟುಂಬಗಳು ಅಂದು ಬರಿದಾದವು!

ಆ ಕ್ಯಾಪ್ಟನ್ ಹೊಸಬರೇ? ಅಲ್ಲ. ಹತ್ತು ಸಾವಿರ ಗಂಟೆಗೂ ಹೆಚ್ಚು ಹಾರಾಟದ ಅನುಭವ ಅವರಿಗಿತ್ತು. ಆದರೆ ದಾರಿಯಲ್ಲಿ ಅವರು ದೀರ್ಘ ನಿದ್ದೆಯಲ್ಲಿದ್ದರೆಂದು, ಎಚ್ಚರಗೊಂಡ ಮೇಲೂ ನಿದ್ದೆಯ ಮಂಪರು ತೀರ್ಮಾನವನ್ನು ಮಂಕಾಗಿಸಿರಬಹುದೆಂದು ತನಿಖಾ ವರದಿ ಹೇಳಿತು. ಅದಕ್ಕಿಂತ ಮುಖ್ಯವಾದ ಇನ್ನೊಂದು ಮಾತಿದೆ. ಕಿರಿಯ ಸಹ ಪೈಲಟ್ ಇಳಿಯುವುದನ್ನು ಬಿಟ್ಟು ಮೇಲೇರಿ ಸುತ್ತು ಹಾಕೋಣ ಎಂದು ಒಂದಲ್ಲ, ಮೂರು ಸಲ ಎಚ್ಚರಿಸಿದ್ದರು. ವೈಮಾನಿಕರ ಭಾಷೆಯಲ್ಲಿ ಇದಕ್ಕೆ ‘ಗೋ ಅರೌಂಡ್’ ಎನ್ನುತ್ತಾರೆ. ಅದು ಸೋಲಲ್ಲ, ಅವಮಾನವೂ ಅಲ್ಲ. ಸರಿಯಾಗಿ ಇಳಿಯಲು ಆಗದಿದ್ದರೆ ಬಿಟ್ಟು ಮತ್ತೊಮ್ಮೆ ಬರಬೇಕೆಂಬುದು ನಿಯಮ. ಆ ಮಾತು ಕೇಳಿಸಿಕೊಳ್ಳಲ್ಪಡಲಿಲ್ಲ.

ಹತ್ತು ವರ್ಷಗಳ ನಂತರ, 2020ರ ಆಗಸ್ಟ್ 7ರಂದು ಕೋಝಿಕ್ಕೋಡಿನ ಕರಿಪ್ಪೂರಿನಲ್ಲಿ 21 ಜೀವಗಳು ಹೋದವು. ಅಲ್ಲಿಯೂ ಗುಡ್ಡದ ಮೇಲಿನ ರನ್‌ವೇ. ಅಲ್ಲಿಯೂ ಚಕ್ರ ನೆಲ ಮುಟ್ಟಿದ್ದು ತಡವಾಗಿ. ಅಲ್ಲಿಯೂ ಸಹ ಪೈಲಟ್ ‘ಗೋ ಅರೌಂಡ್’ ಎಂದಿದ್ದರು.

ತೀರಿಹೋದ ಪೈಲಟ್‌ಗಳ ಬಗ್ಗೆ ನಾಲಗೆ ಹರಿಬಿಡಲು ಇದನ್ನು ಬರೆಯುತ್ತಿಲ್ಲ. ಅವರೂ ತಮ್ಮ ಮನೆಗಳ ಪಾಲಿಗೆ ಮಕ್ಕಳು, ತಂದೆಯಂದಿರು. ಆದರೆ ಹುಡುಗನಿಗೆ ನಾನು ಹೇಳಬೇಕಾದ ಉತ್ತರ ಇಲ್ಲೇ ಇತ್ತು. ಇಳಿಸುವ ವಿದ್ಯೆ ಅವರಿಗೆ ಗೊತ್ತಿರಲಿಲ್ಲವೆಂದಲ್ಲ. ಆ ಬೆಳಿಗ್ಗೆ ಬೇಕಾಗಿದ್ದದ್ದು ಇಳಿಸದಿರುವ ವಿದ್ಯೆ. ಪರದೆಯ ಮೇಲೆ ನೂರು ಸಲ ಇಳಿಸಿದವನು ಆ ವಿದ್ಯೆಯನ್ನು ಎಷ್ಟು ಸಲ ಅಭ್ಯಾಸ ಮಾಡಿದ್ದಾನೆ? ತಪ್ಪಾದರೆ ಅವನಿಗೆ ಒಂದು ಗುಂಡಿ ಒತ್ತಿದರೆ ಸಾಕು; ವಿಮಾನ ಮತ್ತೆ ಆಕಾಶದಲ್ಲಿರುತ್ತದೆ.

ಪ್ರವಾದಿ(ಸ)ರವರ ಚರಿತ್ರೆಯಲ್ಲಿ ಬದ್ರ್‌ನ ಸಂದರ್ಭವನ್ನು ನೆನಪಿಸಿಕೊಳ್ಳಿ. ಬಿಡಾರ ಹೂಡಿದ ಜಾಗ ಯುದ್ಧಕ್ಕೆ ಅನುಕೂಲವಲ್ಲ, ಮುಂದಿನ ಬಾವಿಯ ಬಳಿಗೆ ಹೋಗುವುದು ಒಳ್ಳೆಯದು ಎಂದು ಹುಬಾಬ್ ಇಬ್ನ್ ಮುಂಝಿರ್(ರ) ಸಲಹೆ ನೀಡಿದರು. ಪ್ರವಾದಿ(ಸ)ರವರು ಅದನ್ನು ಸ್ವೀಕರಿಸಿ ಜಾಗ ಬದಲಾಯಿಸಿದರು ಎಂದು ಚರಿತ್ರೆಕಾರರು ದಾಖಲಿಸಿದ್ದಾರೆ. ಜತೆಗಿರುವವನ ಮಾತಿಗೆ ಬೆಲೆ ಕೊಟ್ಟು ಹೆಜ್ಜೆ ಹಿಂದಿಡುವುದರಿಂದ ನಾಯಕನ ಘನತೆ ಕುಗ್ಗುವುದಿಲ್ಲ. ಈ ಪಾಠ ವಿಮಾನಕ್ಕೆ ಎಷ್ಟು ಬೇಕೋ ಮನೆಗೂ ಅಷ್ಟೇ ಬೇಕು.

ಮನೆಯೊಳಗೆ ಆಕಾಶ ಕಟ್ಟಿದವರು

ಪರದೆಯ ಆಕಾಶ ಹೊಸದು ಎಂದು ನಾವು ಭಾವಿಸುತ್ತೇವೆ. ಒಂಬತ್ತನೇ ಶತಮಾನದಲ್ಲಿ ಸ್ಪೇನಿನ ಕುರ್ತುಬಾ ನಗರದಲ್ಲಿ ಅಬ್ಬಾಸ್ ಇಬ್ನ್ ಫಿರ್ನಾಸ್ ಎಂಬ ವಿದ್ವಾಂಸರಿದ್ದರು. ಕಲ್ಲಿನಿಂದ ಗಾಜು ಮಾಡುವ ವಿಧಾನ ಕಂಡುಹಿಡಿದವರು, ನೀರಿನ ಗಡಿಯಾರ ನಿರ್ಮಿಸಿದವರು. ಅವರು ತಮ್ಮ ಮನೆಯ ಕೋಣೆಯೊಂದರಲ್ಲಿ ಆಕಾಶವನ್ನೇ ಕಟ್ಟಿದ್ದರಂತೆ. ಬಂದವರಿಗೆ ಅಲ್ಲಿ ನಕ್ಷತ್ರ, ಮೋಡ, ಮಿಂಚು ಕಾಣುತ್ತಿತ್ತು, ಗುಡುಗೂ ಕೇಳುತ್ತಿತ್ತು. ಅಂದಿನ ಸಿಮ್ಯುಲೇಟರ್ ಎನ್ನಬಹುದಲ್ಲವೇ?

ಆದರೆ ಇಬ್ನ್ ಫಿರ್ನಾಸ್ ಆ ಕೋಣೆಯಲ್ಲೇ ಕುಳಿತು ತೃಪ್ತರಾಗಲಿಲ್ಲ. ಮೈಗೆ ಗರಿಗಳನ್ನು ಹೊದ್ದು, ರೆಕ್ಕೆ ಕಟ್ಟಿಕೊಂಡು ಎತ್ತರದಿಂದ ನಿಜವಾಗಿಯೇ ಗಾಳಿಗೆ ಇಳಿದರು. ಸಾಕಷ್ಟು ದೂರ ಹಾರಿದರೆಂದು ಇತಿಹಾಸಕಾರ ಅಲ್‌ಮಕ್ಕರಿ ಬರೆದಿದ್ದಾರೆ. ಇಳಿಯುವಾಗ ಮಾತ್ರ ಬೆನ್ನಿಗೆ ಪೆಟ್ಟಾಯಿತು. ಹಕ್ಕಿ ಇಳಿಯುವಾಗ ಬಾಲವನ್ನು ಬಳಸುತ್ತದೆ. ಅವರು ಬಾಲ ಕಟ್ಟಿಕೊಳ್ಳಲು ಮರೆತಿದ್ದರು. ನೋಡಿ, ಅಂದೂ ಕಷ್ಟವಾದದ್ದು ಹಾರುವುದಲ್ಲ, ಇಳಿಯುವುದೇ! ಚಂದ್ರನ ಮೇಲಿನ ಒಂದು ಕುಳಿಗೆ ಇಂದು ಅವರ ಹೆಸರಿದೆ. ರೆಕ್ಕೆ ಬಿಚ್ಚಿ ಮಡಚುವ ಹಕ್ಕಿಗಳನ್ನು ಗಮನಿಸುವಂತೆ ಸೂರಃ ಅಲ್‌ಮುಲ್ಕ್ ನಮ್ಮನ್ನು ಕರೆಯುತ್ತದೆ. ಇಬ್ನ್ ಫಿರ್ನಾಸ್ ಬಹುತೇಕ ಎಲ್ಲವನ್ನೂ ಗಮನಿಸಿದ್ದರು, ಬಾಲವೊಂದನ್ನು ಬಿಟ್ಟು.

ಪರದೆ ಕೊಡದಿರುವುದೇನು?

ಕಾಪುವಿನ ದೀಪಸ್ತಂಭ ನಿಮಗೆ ಗೊತ್ತು. 1901ರಲ್ಲಿ ಬಂಡೆಯ ಮೇಲೆ ಕಟ್ಟಿದ್ದು. ಅದರ ಮೆಟ್ಟಿಲೇರಿ ಮೇಲಿನಿಂದ ಕೆಳಗೆ ಬಗ್ಗಿ ನೋಡಿ. ಮೊಣಕಾಲು ತನ್ನಷ್ಟಕ್ಕೆ ಸಡಿಲವಾಗುತ್ತದೆ, ಕೈ ಕಟಕಟೆಯನ್ನು ಹುಡುಕುತ್ತದೆ. ಅದೇ ಮನುಷ್ಯ ಕಂಪ್ಯೂಟರಿನಲ್ಲಿ ಮೂವತ್ತು ಸಾವಿರ ಅಡಿ ಎತ್ತರದಿಂದ ಕೆಳಗೆ ನೋಡುತ್ತಾ ಚಹಾ ಕುಡಿಯುತ್ತಾನೆ! ಕಣ್ಣು ಆಕಾಶದಲ್ಲಿದ್ದರೂ ಮೈ ಕುರ್ಚಿಯಲ್ಲೇ ಇರುತ್ತದೆ.

ನಿಜ ಹಾರಾಟದಲ್ಲಿ ಮೈಯೇ ಮೋಸ ಮಾಡುವುದೂ ಉಂಟು. ನಮ್ಮ ಒಳಗಿವಿಯಲ್ಲಿ ದ್ರವ ತುಂಬಿದ ಮೂರು ಸಣ್ಣ ನಾಳಗಳಿವೆ. ನಾವು ತಿರುಗಿದಾಗ ದ್ರವ ಅಲುಗಿ ಮೆದುಳಿಗೆ ಸುದ್ದಿ ಮುಟ್ಟಿಸುತ್ತದೆ. ಆದರೆ ಒಂದೇ ಸಮನೆ ತಿರುಗುತ್ತಿದ್ದರೆ ಸ್ವಲ್ಪ ಹೊತ್ತಿನಲ್ಲಿ ಆ ದ್ರವ ನಿಶ್ಚಲವಾಗಿ, ‘ನಾನು ನೇರ ಹೋಗುತ್ತಿದ್ದೇನೆ’ ಎನಿಸುತ್ತದೆ. ಮೋಡದೊಳಗೆ ಅಥವಾ ಕತ್ತಲೆಯ ಕಡಲ ಮೇಲೆ ದಿಗಂತ ಕಾಣದಿದ್ದಾಗ ಪೈಲಟ್ ತನ್ನ ಮೈಯ ಮಾತು ನಂಬಿದರೆ ವಿಮಾನ ಸುತ್ತುತ್ತಾ ಕೆಳಗಿಳಿಯುತ್ತದೆ. ಅಮೆರಿಕದ ಮಾಜಿ ಅಧ್ಯಕ್ಷ ಕೆನಡಿಯವರ ಮಗ ಜಾನ್ ಕೆನಡಿ ಹವ್ಯಾಸಿ ಪೈಲಟ್. 1999ರ ಜುಲೈ 16ರ ರಾತ್ರಿ ಮಂಜು ಕವಿದ ಕಡಲ ಮೇಲೆ ಹಾರುವಾಗ ಹೀಗೆಯೇ ದಿಕ್ಕು ತಪ್ಪಿ, ಪತ್ನಿ ಮತ್ತು ಆಕೆಯ ಸಹೋದರಿಯೊಂದಿಗೆ ಸತ್ತರು. ಇಂಥ ಹೊತ್ತಿನಲ್ಲಿ ಮೈಯ ಮಾತನ್ನು ಕೇಳದೆ ಉಪಕರಣಗಳನ್ನು ನಂಬಬೇಕು. ಉಪಕರಣ ಓದುವುದನ್ನು ಸಿಮ್ಯುಲೇಟರ್ ಚೆನ್ನಾಗಿ ಕಲಿಸುತ್ತದೆ. ಆದರೆ ಮೈ ಹೇಳುವ ಸುಳ್ಳನ್ನು ಎದುರಿಸಿ ನಿಲ್ಲುವುದನ್ನು ಮನೆಯ ಕುರ್ಚಿ ಕಲಿಸಲಾರದು. ಮಲ್ಪೆಯ ಮೀನುಗಾರ ಅಳಿವೆಬಾಗಿಲು ದಾಟುವುದನ್ನು ಚಿತ್ರ ನೋಡಿ ಕಲಿಯಲಿಲ್ಲ. ನೀರು ಮುಖಕ್ಕೆ ಬಡಿದ ಮೇಲೆ ಕಲಿತ.

ಇನ್ನೊಂದು ಸಂಗತಿ, ಜತೆಗಿರುವ ಮನುಷ್ಯರು. ಜೆ.ಆರ್.ಡಿ. ಟಾಟಾ ಭಾರತದಲ್ಲಿ ಪೈಲಟ್ ಲೈಸನ್ಸ್ ಪಡೆದ ಮೊದಲಿಗರು, 1929ರಲ್ಲಿ. ಇಂಗ್ಲೆಂಡ್ ಮತ್ತು ಭಾರತದ ನಡುವೆ ಒಂಟಿಯಾಗಿ ಹಾರುವ ಮೊದಲ ಭಾರತೀಯನಿಗೆ ಆಗಾ ಖಾನ್ ಬಹುಮಾನ ಘೋಷಿಸಿದರು. ಜೆ.ಆರ್.ಡಿ. ಇಲ್ಲಿಂದ ಹೊರಟರು, ಆಸ್ಪಿ ಇಂಜಿನಿಯರ್ ಎಂಬ ತರುಣ ಅಲ್ಲಿಂದ ಹೊರಟ. ಈಜಿಪ್ಟಿನಲ್ಲಿ ಇಬ್ಬರೂ ಎದುರಾದಾಗ ಸ್ಪಾರ್ಕ್ ಪ್ಲಗ್ ಇಲ್ಲದೆ ಆಸ್ಪಿ ಸಿಕ್ಕಿಬಿದ್ದಿದ್ದ. ಜೆ.ಆರ್.ಡಿ. ತಮ್ಮಲ್ಲಿದ್ದ ಹೆಚ್ಚುವರಿ ಪ್ಲಗ್ ಕೊಟ್ಟರು, ಆಸ್ಪಿ ಗೆದ್ದ. ಸೋತ ಜೆ.ಆರ್.ಡಿ. 1932ರಲ್ಲಿ ಕರಾಚಿಯಿಂದ ಮುಂಬಯಿಗೆ ಅಂಚೆಯ ವಿಮಾನ ಹಾರಿಸಿ ದೇಶದ ವಿಮಾನಯಾನಕ್ಕೆ ನಾಂದಿ ಹಾಡಿದರು. ಕೋಣೆಯ ಬಾಗಿಲು ಹಾಕಿಕೊಂಡು ಒಬ್ಬನೇ ಆಡುವವನ ಬಳಿ ಪ್ಲಗ್ ಕೇಳಲು ಯಾರೂ ಬರುವುದಿಲ್ಲ.

ನಿಜವಾಗಿ ಹಾರಬೇಕೆಂದರೆ

“ನನ್ನ ಮಗ ಕಂಪ್ಯೂಟರಿನಲ್ಲಿ ಇಷ್ಟು ಚೆನ್ನಾಗಿ ಹಾರಿಸುತ್ತಾನೆ, ಅವನನ್ನು ಪೈಲಟ್ ಮಾಡೋಣ” ಎಂದುಕೊಳ್ಳುವ ತಂದೆತಾಯಿಗಳೂ ಇದ್ದಾರೆ. ಅವರಿಗೆ ಕೆಲವು ಲೆಕ್ಕಗಳು ಗೊತ್ತಿರಲಿ.

ಹವ್ಯಾಸಕ್ಕಾಗಿ ಹಾರುವವರಿಗೆ ಖಾಸಗಿ ಪೈಲಟ್ ಲೈಸನ್ಸ್ ಸಾಕು. ಅದಕ್ಕೆ ಕನಿಷ್ಠ 17 ವರ್ಷ ವಯಸ್ಸು, ಹತ್ತನೇ ತರಗತಿ ಪಾಸು, ವೈದ್ಯಕೀಯ ಪ್ರಮಾಣಪತ್ರ, 40 ಗಂಟೆಗಳ ಹಾರಾಟ ಬೇಕು. ಉದ್ಯೋಗಕ್ಕಾಗಿ ಪಡೆಯುವ ವಾಣಿಜ್ಯ ಲೈಸನ್ಸಿಗೆ ಕನಿಷ್ಠ 18 ವರ್ಷ ಮತ್ತು 200 ಗಂಟೆ ಹಾರಾಟ. ಪಿಯುಸಿಯಲ್ಲಿ ಭೌತಶಾಸ್ತ್ರ, ಗಣಿತ ಓದಿರಬೇಕು. ಉಪಕರಣ ನೋಡಿ ಹಾರುವ ಅಭ್ಯಾಸದ ಒಂದು ಭಾಗವನ್ನು ಸರ್ಕಾರ ಮಾನ್ಯ ಮಾಡಿದ ಸಿಮ್ಯುಲೇಟರಿನಲ್ಲಿ ಮಾಡಲು ಅವಕಾಶವಿದೆ. ಮನೆಯ ಕಂಪ್ಯೂಟರಿನಲ್ಲಿ ಸಾವಿರ ಗಂಟೆ ಹಾರಿದ್ದರೂ ಅದು ಲೆಕ್ಕಕ್ಕೆ ಬರುವುದು ಸೊನ್ನೆ.

ಉಡುಪಿ ಜಿಲ್ಲೆಯಲ್ಲಿ ವಿಮಾನ ನಿಲ್ದಾಣವಿಲ್ಲ. ಬೆಂಗಳೂರಿನ ಜಕ್ಕೂರಿನಲ್ಲಿ 1940ರ ದಶಕದ ಕೊನೆಯಿಂದ ಸರ್ಕಾರಿ ವೈಮಾನಿಕ ತರಬೇತಿ ಶಾಲೆಯಿದೆ; ಬೇರೆ ರಾಜ್ಯಗಳಲ್ಲಿಯೂ ಮಾನ್ಯತೆ ಪಡೆದ ಶಾಲೆಗಳಿವೆ. ಹಾರಾಟದ ಒಂದೊಂದು ಗಂಟೆಗೂ ಹತ್ತು ಸಾವಿರ ರೂಪಾಯಿಗೂ ಮಿಕ್ಕಿ ಖರ್ಚು ತಗಲುತ್ತದೆ. ವಾಣಿಜ್ಯ ಲೈಸನ್ಸ್ ಕೈಗೆ ಬರುವಷ್ಟರಲ್ಲಿ ಹತ್ತಾರು ಲಕ್ಷ ಹೋಗುತ್ತದೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆ ಇಲ್ಲಿಗೆ ಹೇಳಿ ಮಾಡಿಸಿದಂತಿದೆ.

ಕಾರ್ಕಳದಲ್ಲಿ ನನ್ನ ಪರಿಚಯದ ಒಬ್ಬರಿದ್ದಾರೆ. ಗಲ್ಫಿನಲ್ಲಿ ದುಡಿದು ಗಳಿಸಿದ ಜಾಗ ಮಾರಿ ಮಗನನ್ನು ಪೈಲಟ್ ತರಬೇತಿಗೆ ಕಳುಹಿಸಲು ಹೊರಟಿದ್ದರು. ಮುಂಗಡ ಕೊಡುವ ದಿನವೂ ನಿಶ್ಚಯವಾಗಿತ್ತು. ಹೆಂಡತಿ, “ಮೊದಲು ಅವನ ವೈದ್ಯಕೀಯ ಪರೀಕ್ಷೆ ಮಾಡಿಸೋಣ, ಆಮೇಲೆ ನೋಡೋಣ” ಎಂದು ಪದೇಪದೇ ಹೇಳುತ್ತಿದ್ದರಂತೆ. ಇವರು ಕಿವಿಗೆ ಹಾಕಿಕೊಂಡಿರಲಿಲ್ಲ. ಬಜ್ಪೆಯ ತನಿಖಾ ವರದಿಯ ಬಗ್ಗೆ ನಾನು ಅವರೊಂದಿಗೆ ಮಾತಾಡುತ್ತಿದ್ದಾಗ, ಸಹ ಪೈಲಟ್ ಮೂರು ಸಲ ಎಚ್ಚರಿಸಿದ ವಿಷಯ ಬಂತು. ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. “ನನ್ನ ಮನೆಯಲ್ಲಿಯೂ ಒಬ್ಬಳು ಹೇಳುತ್ತಲೇ ಇದ್ದಾಳಲ್ಲ” ಎಂದರು. ಪರೀಕ್ಷೆ ಮಾಡಿಸಿದರು. ಹುಡುಗನಿಗೆ ಕೆಂಪು ಹಸಿರು ಬಣ್ಣಗಳ ಭೇದ ಸರಿಯಾಗಿ ತಿಳಿಯುವುದಿಲ್ಲವೆಂದು ಆಗಲೇ ಗೊತ್ತಾದದ್ದು. ಪೈಲಟ್ ಕೆಲಸಕ್ಕೆ ಅದು ದೊಡ್ಡ ಅಡ್ಡಿ. ಜಾಗ ಉಳಿಯಿತು. ಹುಡುಗ ಒಂದು ವಾರ ಅತ್ತ. ಈಗ ಬೇರೆ ಪದವಿ ಓದುತ್ತಿದ್ದಾನೆ, ರಜೆಯಲ್ಲಿ ಕಂಪ್ಯೂಟರಿನಲ್ಲಿ ಮೋಡಗಳ ಮೇಲೆ ಹಾರುತ್ತಾನೆ. ಬಣ್ಣದ ತೊಂದರೆಯಿರುವವನಿಗೆ, ಕೈಕಾಲು ಸ್ವಾಧೀನವಿಲ್ಲದವನಿಗೆ, ಹಣವಿಲ್ಲದವನಿಗೆ ಆಕಾಶವನ್ನು ಮನೆಗೆ ತಂದುಕೊಟ್ಟ ಈ ಯಂತ್ರವನ್ನು ನಾನು ಹೀಗಳೆಯಲಾರೆ.

ನಡುವಿನ ದಾರಿ

ಪರದೆ ಮತ್ತು ವಿಮಾನದ ನಡುವೆ ಇನ್ನೂ ಕೆಲವು ಮೆಟ್ಟಿಲುಗಳಿವೆ. ಮಣಿಪಾಲದ ಎಂಡ್ ಪಾಯಿಂಟ್‌ಗೆ ಸಂಜೆ ಮಕ್ಕಳನ್ನು ಕರೆದುಕೊಂಡು ಹೋಗಿ. ಕೆಳಗೆ ಸ್ವರ್ಣಾ ನದಿ. ಗಿಡುಗಗಳು ರೆಕ್ಕೆ ಬಡಿಯದೆ ಗಾಳಿಯ ಮೇಲೆ ತೇಲುವುದನ್ನು ಅಲ್ಲಿಂದ ನೋಡಬಹುದು. ಇಂಧನವಿಲ್ಲದೆ ಅವು ಹೇಗೆ ಮೇಲೇರುತ್ತವೆ ಎಂದು ಮಕ್ಕಳನ್ನೇ ಕೇಳಿ. ಬಿಸಿಲಿಗೆ ಕಾದ ನೆಲದಿಂದ ಮೇಲೇಳುವ ಬಿಸಿಗಾಳಿ, ಗುಡ್ಡಕ್ಕೆ ಬಡಿದು ಮೇಲೇರುವ ಕಡಲಗಾಳಿ, ಇದೇ ವಿಮಾನ ವಿದ್ಯೆಯ ಮೊದಲ ಪಾಠ.

ಎರಡನೆಯದು, ಮಾದರಿ ವಿಮಾನ. ಥರ್ಮೋಕೋಲ್ ಹಾಳೆ, ಹಗುರ ಮರದ ಪಟ್ಟಿ, ರಬ್ಬರ್ ಬ್ಯಾಂಡ್ ಇದ್ದರೆ ಮನೆಯಲ್ಲೇ ಒಂದು ಗ್ಲೈಡರ್ ಮಾಡಬಹುದು. ಅದು ತೆಂಗಿನ ಮರಕ್ಕೆ ಬಡಿದರೆ ರೆಕ್ಕೆ ಮುರಿಯುತ್ತದೆ. ಮುರಿದದ್ದನ್ನು ಕುಳಿತು ಅಂಟಿಸಬೇಕು. ಗುಂಡಿ ಒತ್ತಿದರೆ ಸರಿಯಾಗುವುದಿಲ್ಲ. ಈ ಪಾಠಕ್ಕೆ ತಗಲುವ ವೆಚ್ಚ ನೂರಿನ್ನೂರು ರೂಪಾಯಿ. ಮಣಿಪಾಲದ ತಾಂತ್ರಿಕ ವಿದ್ಯಾಲಯದಲ್ಲಿ ವಿಮಾನ ವಿಜ್ಞಾನವನ್ನೇ ಓದುವ ಅವಕಾಶವಿದೆ. ಅಲ್ಲಿಯ ವಿದ್ಯಾರ್ಥಿಗಳು ದೂರನಿಯಂತ್ರಿತ ವಿಮಾನ ತಯಾರಿಸಿ ಸ್ಪರ್ಧೆಗಳಿಗೆ ಹೋಗುತ್ತಾರೆ. ದೂರನಿಯಂತ್ರಿತ ವಿಮಾನ, ಡ್ರೋನ್‌ಗಳಿಗೆ 2021ರ ಡ್ರೋನ್ ನಿಯಮಗಳು ಅನ್ವಯಿಸುತ್ತವೆ ಎಂಬುದನ್ನು ಮರೆಯಬೇಡಿ. ಕೊಳ್ಳುವ ಮೊದಲು ಎಲ್ಲಿ ಹಾರಿಸಬಹುದು, ಎಲ್ಲಿ ಹಾರಿಸಬಾರದು ಎಂದು ವಿಚಾರಿಸಿಕೊಳ್ಳಿ.

ಮೂರನೆಯದು, ಎನ್‌ಸಿಸಿಯ ವಾಯುದಳ ವಿಭಾಗ. ಅದರ ಕೆಡೆಟ್‌ಗಳಿಗೆ ಮೈಕ್ರೋಲೈಟ್ ಎಂಬ ಪುಟ್ಟ ವಿಮಾನದಲ್ಲಿ ತರಬೇತುದಾರರೊಂದಿಗೆ ಹಾರುವ ಅವಕಾಶ ಸಿಗುವುದುಂಟು. ಹೆಣ್ಣುಮಕ್ಕಳೂ ಸೇರಬಹುದು. “ನಮ್ಮ ಹೆಣ್ಣುಮಕ್ಕಳಿಗೆ ವಿಮಾನ ಯಾಕೆ?” ಎನ್ನುವವರಿಗೆ ಒಂದು ಮಾತು: ಉರ್ದು ಲೇಖಕಿ ಹಿಜಾಬ್ ಇಮ್ತಿಯಾಝ್ ಅಲಿ 1936ರಲ್ಲಿಯೇ ಪೈಲಟ್ ಲೈಸನ್ಸ್ ಪಡೆದಿದ್ದರು.

ತಾಯಿಯ ಇನ್ನೊಂದು ಭಯ

ಆ ಕಾಪುವಿನ ತಾಯಿ ಹೊರಡುವಾಗ ಸ್ವರ ತಗ್ಗಿಸಿ ಮತ್ತೊಂದು ಮಾತು ಕೇಳಿದರು. “ಉಸ್ತಾದ್, ನಮ್ಮ ಹುಡುಗ ಮನೆಯಲ್ಲಿ ವಿಮಾನ ಹಾರಿಸುವುದು ಕಲಿಯುತ್ತಾನೆಂದರೆ ಜನ ಏನಾದರೂ ಅಂದುಕೊಂಡಾರೇ?” 2001ರ ನಂತರ ಹುಟ್ಟಿದ ಈ ಭಯ ನಮ್ಮ ಎಷ್ಟೋ ತಾಯಂದಿರ ಎದೆಯಲ್ಲಿದೆ. ನಾನು ಹೇಳಿದೆ: “ಅಂಗಡಿಯಲ್ಲಿ ಬಹಿರಂಗವಾಗಿ ಮಾರುವ ವಸ್ತು ಇದು. ಎಲ್ಲ ಧರ್ಮದ ಮಕ್ಕಳೂ ಆಡುತ್ತಾರೆ. ಹೆದರಿ ಮಗುವಿನ ಕನಸನ್ನು ಚಿವುಟಬೇಡಿ. ಕಂಪ್ಯೂಟರನ್ನು ಮೂಲೆಯ ಕೋಣೆಯಿಂದ ಚಾವಡಿಗೆ ತನ್ನಿ. ಪಕ್ಕದ ಮನೆಯ ಹುಡುಗರನ್ನೂ ಕರೆಯಲಿ, ನೀವೂ ಪಕ್ಕದಲ್ಲಿ ಕುಳಿತುಕೊಳ್ಳಿ.” ಕಂಪ್ಯೂಟರನ್ನು ಚಾವಡಿಗೆ ತಂದರೆ ಮಗು ಕೆಟ್ಟ ಜಾಲತಾಣಗಳಿಗೆ ಜಾರುವುದೂ ತಪ್ಪುತ್ತದೆ, ನಮಾಝಿನ ಹೊತ್ತಿಗೆ ಎಬ್ಬಿಸುವುದೂ ಸುಲಭ.

ಹುಡುಗನಿಗೆ ಮಾತ್ರ ನಾನು ಒಂದು ಷರತ್ತು ಹಾಕಿದೆ. ನಿಜವಾದ ಪೈಲಟ್‌ಗಳು ಪ್ರತಿ ಹಾರಾಟವನ್ನೂ ಲಾಗ್ ಪುಸ್ತಕದಲ್ಲಿ ಬರೆದಿಡಬೇಕು. “ನೀನೂ ಬರೆ. ಒಂದು ತಿಂಗಳು ಹಿಂದಕ್ಕೆ ಹೋಗುವ ಗುಂಡಿ ಮುಟ್ಟಬಾರದು. ವಿಮಾನ ಬಿದ್ದರೆ ಆ ದಿನದ ಆಟ ಮುಗಿಯಿತು. ಇಳಿಯದೆ ಮೇಲೆ ಹೋದರೆ ಅದನ್ನೂ ಬರೆ” ಎಂದೆ. ಒಂಟೆಯನ್ನು ಕಟ್ಟುವ ಬಗ್ಗೆ ಪ್ರವಾದಿ(ಸ)ರವರ ಉಪದೇಶ ಅವನಿಗೆ ಮದ್ರಸದಲ್ಲೇ ಪಾಠವಾಗಿತ್ತು. ಮನುಷ್ಯ ಮಾಡಬೇಕಾದ ಎಚ್ಚರಿಕೆಯನ್ನೆಲ್ಲ ಮಾಡಿದ ಮೇಲೆಯೇ ತವಕ್ಕುಲ್ ಎಂದು ನೆನಪಿಸಿದೆ.

ತಿಂಗಳ ಬಳಿಕ ಅವನು ಪುಸ್ತಕ ತಂದ. ದಿನಕ್ಕೊಂದು ಹಾರಾಟ, 26 ದಾಖಲೆಗಳು. ಮೊದಲ ವಾರದಲ್ಲಿ ಮೂರು ಸಲ ವಿಮಾನ ಬಿದ್ದಿತ್ತು. ಆಮೇಲೆ ಅಲ್ಲಲ್ಲಿ ಒಂದು ಸಾಲು ಕಾಣಿಸತೊಡಗಿತ್ತು: ‘ಎತ್ತರ ಜಾಸ್ತಿ. ಇಳಿಯಲಿಲ್ಲ. ಮತ್ತೆ ಬಂದೆ.’ ಅಂಥ ಒಂಬತ್ತು ಸಾಲುಗಳಿದ್ದವು. ಕೊನೆಯ ಎರಡು ವಾರ ಒಂದು ಸಲವೂ ಬಿದ್ದಿರಲಿಲ್ಲ.

“ನಿನ್ನ ಪ್ರಶ್ನೆಗೆ ಉತ್ತರ ಸಿಕ್ಕಿತೇ?” ಎಂದು ಕೇಳಿದೆ. ಅವನು ತಲೆಯಾಡಿಸಿದ. ಆ ಒಂಬತ್ತು ಸಾಲುಗಳನ್ನು ಅಜ್ಜಿಗೆ ಓದಿ ಹೇಳಿದನಂತೆ. ಅಜ್ಜಿ ಏನೂ ಹೇಳಲಿಲ್ಲವಂತೆ. ಅವನ ತಲೆಯ ಮೇಲೆ ಕೈಯಿಟ್ಟು ತುಂಬ ಹೊತ್ತು ದುಆ ಮಾಡಿದರಂತೆ.

ಪ್ರಿಯ ಓದುಗರೇ, ನಿಮ್ಮ ಮಗು ನಾಳೆ ನಿಜವಾದ ಪೈಲಟ್ ಆಗಬಹುದು, ಆಗದೆಯೂ ಇರಬಹುದು. ವ್ಯಾಪಾರದಲ್ಲಿ, ಸಂಸಾರದಲ್ಲಿ, ಕೋಪದ ಮಾತಿನಲ್ಲಿ ‘ಇದು ಸರಿ ಹೋಗುತ್ತಿಲ್ಲ, ಬಿಟ್ಟು ಮತ್ತೊಮ್ಮೆ ಬರುತ್ತೇನೆ’ ಎನ್ನುವ ಗಳಿಗೆ ಎಲ್ಲರ ಬಾಳಿನಲ್ಲೂ ಬರುತ್ತದೆ. ಆ ಗಳಿಗೆಯಲ್ಲಿ ಪಕ್ಕದಲ್ಲಿರುವವರ ಮಾತು ಕೇಳಿಸಿಕೊಳ್ಳುವ ಕಿವಿಯನ್ನು ಅಲ್ಲಾಹನು ನಮಗೂ ನಮ್ಮ ಮಕ್ಕಳಿಗೂ ಕರುಣಿಸಲಿ. ಬಜ್ಪೆಯಲ್ಲಿ, ಕರಿಪ್ಪೂರಿನಲ್ಲಿ ಅಗಲಿದವರ ಮನೆಗಳಿಗೆ ಸಹನೆ ನೀಡಲಿ. ಆಮೀನ್.